ಅಂಗಡಿಯ ಕ್ರಯ, ಮೀಟರಿನ ಕ್ರಯ



ಮಿಜಾರಿನಿಂದ ಒಂದು ಫ್ಯಾನು ಕೊಳ್ಳಲೆಂದು ನಾವು ಮೂಡುಬಿದಿರೆಯ ಪೇಟೆಗೆ ಹೋಗುತ್ತೇವೆ ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಮ್ಮ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆ, "ಕ್ರಯ ಎಷ್ಟು?" ಎಂದು. ಎರಡನೆಯದು, "ಕಡಿಮೆ ಮಾಡುವುದಿಲ್ಲವೇ?" ಎಂದು. ಐವತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡರೆ ಗೆದ್ದೆವೆಂಬ ಸಂತೋಷದಲ್ಲಿ ಮನೆಗೆ ಬರುತ್ತೇವೆ. ಆದರೆ ಆ ಫ್ಯಾನಿಗೆ ಇನ್ನೊಂದು ಕ್ರಯವಿದೆ. ಅದನ್ನು ಅಂಗಡಿಯವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಅದನ್ನು ಜಗಲಿಯ ಗೋಡೆಯ ಮೇಲಿನ ಮೀಟರು ಹತ್ತು ವರ್ಷ, ಹದಿನೈದು ವರ್ಷ, ತಿಂಗಳು ತಿಂಗಳಿಗೂ ವಸೂಲು ಮಾಡುತ್ತದೆ. ಈ ಎರಡನೆಯ ಕ್ರಯವನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ, ಯಾವ ಸಾಮಾನಿಗೆ ಹೆಚ್ಚು ಹಣ ಕೊಟ್ಟರೆ ಲಾಭ, ಯಾವುದಕ್ಕೆ ಕೊಟ್ಟರೆ ನಷ್ಟ ಎಂಬುದೇ ಈ ಸಲದ ಪಾಠ.

ಮೊದಲು ಯೂನಿಟ್ ಎಂದರೇನೆಂದು ನೋಡೋಣ. ಒಂದು ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಬಿಡದೆ ಕಾದರೆ ಖರ್ಚಾಗುವ ವಿದ್ಯುಚ್ಛಕ್ತಿಯೇ ಒಂದು ಯೂನಿಟ್. ಹತ್ತು ವ್ಯಾಟಿನ ದೀಪ ನೂರು ಗಂಟೆ ಉರಿದರೂ ಅದೇ ಒಂದು ಯೂನಿಟ್. ಅಂದರೆ ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರಾಯಿತು. ಐದನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ ಇದು. ಆದರೂ ನಮ್ಮಲ್ಲಿ ಹೆಚ್ಚಿನವರು ವ್ಯಾಟನ್ನು ಮಾತ್ರ ನೋಡುತ್ತಾರೆ, ಗಂಟೆಯನ್ನು ಮರೆಯುತ್ತಾರೆ. "ಮಿಕ್ಸಿ ಏಳುನೂರೈವತ್ತು ವ್ಯಾಟು, ಅಯ್ಯೋ, ಎಷ್ಟು ಕರೆಂಟು ತಿನ್ನುತ್ತದೆ!" ಎನ್ನುತ್ತಾರೆ. ಮಿಕ್ಸಿ ತಿರುಗುವುದು ದಿನಕ್ಕೆ ಹತ್ತು ನಿಮಿಷ. ಅದರ ಖರ್ಚು ಒಂದು ಯೂನಿಟಿನ ಎಂಟನೆಯ ಒಂದು ಪಾಲು. ಅದೇ ಮನೆಯಲ್ಲಿ ಎಪ್ಪತ್ತೈದು ವ್ಯಾಟಿನ ಫ್ಯಾನು ಹನ್ನೆರಡು ಗಂಟೆ ತಿರುಗಿ ಇಷ್ಟರ ಏಳು ಪಾಲು ತಿಂದಿರುತ್ತದೆ. ಮೆಲ್ಲಗೆ ತಿನ್ನುವವನು ಕಣ್ಣಿಗೆ ಬೀಳುವುದಿಲ್ಲ.

ಆದುದರಿಂದ ಫ್ಯಾನಿನಿಂದಲೇ ಪ್ರಾರಂಭಿಸೋಣ. ನಮ್ಮ ಕರಾವಳಿಯ ಸೆಕೆಯಲ್ಲಿ ಫ್ಯಾನಿಲ್ಲದೆ ನಿದ್ರೆಯಿಲ್ಲ. ಮಳೆಗಾಲದ ತಂಪಿನ ಎರಡು ತಿಂಗಳು ಬಿಟ್ಟರೆ ವರ್ಷದಲ್ಲಿ ಮುನ್ನೂರು ದಿನ ಅದು ತಿರುಗಲೇಬೇಕು. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 3,600 ಗಂಟೆ. ಸಾಧಾರಣ ಫ್ಯಾನು 75 ವ್ಯಾಟಿನದಾದರೆ ವರ್ಷಕ್ಕೆ 270 ಯೂನಿಟ್. ಈಗ ಅಂಗಡಿಗಳಲ್ಲಿ ಬಿಎಲ್‌ಡಿಸಿ ಎಂಬ ಹೆಸರಿನಲ್ಲಿ ಮಾರುವ, ರಿಮೋಟಿನಿಂದ ನಡೆಯುವ ಫ್ಯಾನು ಸುಮಾರು 30 ವ್ಯಾಟಿನದು. ಅದಕ್ಕೆ 108 ಯೂನಿಟ್ ಸಾಕು. ವ್ಯತ್ಯಾಸ 162 ಯೂನಿಟ್. ಲೆಕ್ಕದ ಅನುಕೂಲಕ್ಕೆ ಯೂನಿಟಿಗೆ 6 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 972 ರೂಪಾಯಿ. ಇಂಥ ಫ್ಯಾನಿಗೆ ಅಂಗಡಿಯಲ್ಲಿ ಸಾವಿರ, ಹೆಚ್ಚೆಂದರೆ ಸಾವಿರದೈನೂರು ರೂಪಾಯಿ ಹೆಚ್ಚು ಕೊಡಬೇಕಾದೀತು. ಒಂದು ಅಥವಾ ಒಂದೂವರೆ ವರ್ಷದಲ್ಲಿ ಆ ಹಣ ಹಿಂದೆ ಬಂದಿತು. ಆಮೇಲಿನ ವರ್ಷಗಳದ್ದು ನಿಮ್ಮ ಉಳಿತಾಯ.

ಗಾಳಿ ಅಷ್ಟೇ ಬರುವಾಗ ಕರೆಂಟು ಅರ್ಧಕ್ಕಿಂತ ಕಡಿಮೆ ಹೇಗೆ ಸಾಕಾಗುತ್ತದೆ ಎಂಬ ಸಂಶಯ ಸಹಜ. ಹಳೆಯ ಫ್ಯಾನನ್ನು ಒಂದು ಗಂಟೆ ತಿರುಗಿಸಿ, ಸ್ವಿಚ್ಚು ಆರಿಸಿ, ಅದು ಪೂರ್ತಿ ನಿಂತ ಮೇಲೆ ಸ್ಟೂಲು ಹಾಕಿ ಅದರ ಹೊಟ್ಟೆಯನ್ನು ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ನಿಮಗೆ ಗಾಳಿ ಕೊಡಬೇಕಾಗಿದ್ದ ವಿದ್ಯುಚ್ಛಕ್ತಿಯ ಒಂದು ದೊಡ್ಡ ಪಾಲು ಅಲ್ಲಿ ಬಿಸಿಯಾಗಿ ಹೋಗುತ್ತಿದೆ. ಹಳೆಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ತನ್ನದೇ ಆದ ಅಯಸ್ಕಾಂತ ಶಕ್ತಿಯಿಲ್ಲ. ಸುತ್ತಲಿನ ತಂತಿಯ ಸುರುಳಿಯೇ ಅದನ್ನು ಅದರಲ್ಲಿ ಹುಟ್ಟಿಸಬೇಕು. ಆ ಕೆಲಸದಲ್ಲಿ ನಷ್ಟ ಹೆಚ್ಚು. ಹೊಸ ಬಗೆಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕಾಯಂ ಅಯಸ್ಕಾಂತಗಳನ್ನು ಜೋಡಿಸಿರುತ್ತಾರೆ. ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡು ಬೇಕಾದ ಹೊತ್ತಿಗೆ ಬೇಕಾದಷ್ಟೇ ಕರೆಂಟನ್ನು ಸುರುಳಿಗೆ ಕೊಡುತ್ತದೆ. ಆದುದರಿಂದ ಮೋಟಾರು ಅಷ್ಟು ಬಿಸಿಯಾಗುವುದಿಲ್ಲ.

ಆದರೆ ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಆ ಬೋರ್ಡೇ ಈ ಫ್ಯಾನಿನ ಮರ್ಮಸ್ಥಾನ. ನಮ್ಮ ಊರಿನ ಸಿಡಿಲು ನಿಮಗೆ ಗೊತ್ತೇ ಇದೆ. ಮಳೆಗಾಲಕ್ಕೆ ಮುಂಚಿನ ಎಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರದಲ್ಲಿ ಅದು ತಂತಿಯ ಮೂಲಕ ಮನೆಯೊಳಗೆ ಬರುವುದುಂಟು. ಹಳೆಯ ಫ್ಯಾನು ಇದನ್ನು ಹೆಚ್ಚಾಗಿ ತಾಳಿಕೊಳ್ಳುತ್ತಿತ್ತು. ಹೊಸದರ ಬೋರ್ಡು ತಾಳುವುದಿಲ್ಲ. ಈ ಲೇಖಕನ ಮನೆಯಲ್ಲಿಯೇ ಒಂದು ಸಂಜೆ ಇಂಥ ಬೋರ್ಡೊಂದು ಸುಟ್ಟುಹೋಯಿತು. ತಪ್ಪು ಫ್ಯಾನಿನದಲ್ಲ, ಗುಡುಗು ಕೇಳಿಯೂ ಮೈನ್ ಸ್ವಿಚ್ಚು ಆರಿಸದೆ ಚಹಾ ಕುಡಿಯುತ್ತ ಕುಳಿತವನದು. ಬೋರ್ಡು ಬದಲಿಸಲು ತೆತ್ತ ಹಣ ಒಂದು ವರ್ಷದ ಉಳಿತಾಯವನ್ನು ನುಂಗಿತು. ಆದುದರಿಂದ ಇಂಥ ಫ್ಯಾನು ಕೊಳ್ಳುವವರು ಗ್ಯಾರಂಟಿ ಎಷ್ಟು ವರ್ಷ, ಬೋರ್ಡಿಗೂ ಉಂಟೇ, ದುರಸ್ತಿ ಮಾಡುವವರು ಮೂಡುಬಿದಿರೆಯಲ್ಲಿ ಇದ್ದಾರೆಯೇ ಅಥವಾ ಮಂಗಳೂರಿಗೆ ಹೊತ್ತುಕೊಂಡು ಹೋಗಬೇಕೇ ಎಂಬುದನ್ನು ಕೇಳಿಯೇ ಹಣ ಕೊಡಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದೂ ಒಮ್ಮೆ ಲೈನ್‌ಮ್ಯಾನನಲ್ಲಿ ಅಥವಾ ವಯರಿಂಗಿನವನಲ್ಲಿ ವಿಚಾರಿಸಿ.

ಈಗ ಕೆಲವರು ಕೇಳಬಹುದು: "ನಮಗೆ ಗೃಹಜ್ಯೋತಿ ಇದೆಯಲ್ಲ, ಬಿಲ್ಲು ಸೊನ್ನೆ. ಮತ್ತೆ ಈ ಉಳಿತಾಯ ಯಾಕೆ?" ಪ್ರಶ್ನೆ ನ್ಯಾಯವಾದದ್ದು. ಉತ್ತರವನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು, ಏಕೆಂದರೆ ಅನೇಕರು ಎಡವುವುದು ಇಲ್ಲಿಯೇ. 2023ರ ಜುಲೈಯಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ನೆಯ ಸಾಲಿನಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಖರ್ಚು ಎಷ್ಟಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ನಿಮ್ಮ ಪಾಲು. ಬಹಳ ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಈ ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ ಸೇರಿಸಿ ಕೊಟ್ಟರು. ಈ ಪಾಲನ್ನು ದಾಟಿದರೆ ದಾಟಿದ ಯೂನಿಟಿಗೆ ಹಣ ಕೊಡಬೇಕು. ಯಾವುದಾದರೂ ತಿಂಗಳು 200ನ್ನೇ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮ ತಲೆಯ ಮೇಲೆ.

ಒಂದು ಮನೆಯ ಸರಾಸರಿ 150 ಯೂನಿಟ್ ಇತ್ತೆಂದುಕೊಳ್ಳಿ. ಅವರ ಪಾಲು 165. ಎಪ್ರಿಲಿನಲ್ಲಿ ಮಕ್ಕಳಿಗೆ ರಜೆ, ಬೊಂಬಾಯಿಯಿಂದ ನೆಂಟರು, ಎಲ್ಲ ಕೋಣೆಗಳಲ್ಲೂ ಫ್ಯಾನು, ಫ್ರಿಜ್ಜಿನ ಬಾಗಿಲಿಗೆ ಬಿಡುವಿಲ್ಲ. ಮೀಟರು 215ಕ್ಕೆ ಬಂದು ನಿಂತಿತು. 200 ದಾಟಿದ್ದರಿಂದ 215 ಯೂನಿಟಿಗೂ ಹಣ. 6 ರೂಪಾಯಿಯಂತೆ 1,290 ರೂಪಾಯಿ, ತೆರಿಗೆ ಮತ್ತು ನಿಗದಿತ ಶುಲ್ಕ ಬೇರೆ. ಅದೇ ಮನೆಯಲ್ಲಿ ಎರಡು ಹಳೆಯ ಫ್ಯಾನುಗಳ ಬದಲು ಎರಡು 30 ವ್ಯಾಟಿನ ಫ್ಯಾನುಗಳು ಇದ್ದಿದ್ದರೆ? ಒಂದೊಂದು ಫ್ಯಾನಿನಿಂದ ತಿಂಗಳಿಗೆ 16 ಯೂನಿಟಿನಂತೆ 32 ಯೂನಿಟ್ ಕಡಿಮೆ. ಮೀಟರು 183ರಲ್ಲಿ ನಿಲ್ಲುತ್ತಿತ್ತು. ಆಗ ಹಣ ಕೊಡಬೇಕಾದದ್ದು ಹೆಚ್ಚಾದ 18 ಯೂನಿಟಿಗೆ ಮಾತ್ರ, 108 ರೂಪಾಯಿ. ಒಂದೇ ತಿಂಗಳಲ್ಲಿ ಸಾವಿರದ ನೂರಕ್ಕೂ ಮೇಲಿನ ವ್ಯತ್ಯಾಸ! ಅಂಗಡಿಯಲ್ಲಿ ಕೊಡಲು ಹಿಂದೆ ಮುಂದೆ ನೋಡಿದ ಹಣವೇ ಇದು.

ವರ್ಷವಿಡೀ ತಮ್ಮ ಪಾಲಿನ ಒಳಗೇ ಇರುವ ಸಣ್ಣ ಸಂಸಾರಗಳಿಗೆ ಹೀಗೆ ಕೈಗೆ ಹಣ ಉಳಿಯುವುದಿಲ್ಲ, ನಿಜ. ಚೆನ್ನಾಗಿ ತಿರುಗುತ್ತಿರುವ ಹಳೆಯ ಫ್ಯಾನನ್ನು ಬಿಚ್ಚಿ ಎಸೆದು ಹೊಸದು ತನ್ನಿ ಎಂದು ಅವರಿಗೆ ಹೇಳುವುದು ಸರಿಯಲ್ಲ. ಹಳೆಯದು ಕೆಟ್ಟಾಗ, ಮತ್ತೆ ವೈಂಡಿಂಗ್ ಮಾಡಿಸಲು ಹಣ ಹಾಕುವ ಮೊದಲು ಯೋಚಿಸಿದರೆ ಸಾಕು. ಆದರೆ ಅವರಿಗೂ ಇನ್ನೊಂದು ಪ್ರಯೋಜನ ಉಂಟು. ನಮ್ಮಲ್ಲಿ ಜೂನ್, ಜುಲೈ ತಿಂಗಳಲ್ಲಿ ಗಾಳಿಗೆ ಮರ ಬಿದ್ದು ತಂತಿ ತುಂಡಾದರೆ ಕರೆಂಟು ಬರುವ ಹೊತ್ತನ್ನು ಯಾರೂ ಹೇಳಲಾರರು. ಇನ್ವರ್ಟರ್ ಇಟ್ಟುಕೊಂಡ ಮನೆಗಳಲ್ಲಿ ಬ್ಯಾಟರಿಯಿಂದ ಉಪಯೋಗಕ್ಕೆ ಸಿಗುವುದು ಸುಮಾರು ಒಂದು ಯೂನಿಟ್ ಎಂದು ಹಿಡಿದರೆ, 75 ವ್ಯಾಟಿನ ಮೂರು ಫ್ಯಾನುಗಳು ನಾಲ್ಕೂವರೆ ಗಂಟೆಯೊಳಗೆ ಅದನ್ನು ಮುಗಿಸುತ್ತವೆ. 30 ವ್ಯಾಟಿನ ಮೂರು ಫ್ಯಾನುಗಳು ಹನ್ನೊಂದು ಗಂಟೆ ತಿರುಗುತ್ತವೆ. ಹಸುಗೂಸು ಇರುವ ಮನೆಯಲ್ಲಿ, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯಲ್ಲಿ ಈ ಆರು ಗಂಟೆಯ ಬೆಲೆಯನ್ನು ರೂಪಾಯಿಯಲ್ಲಿ ಅಳೆಯುವ ಹಾಗಿಲ್ಲ.

ಇಷ್ಟೇ ಅಲ್ಲ. ಮಾರ್ಚ್, ಎಪ್ರಿಲ್ ತಿಂಗಳ ಸಂಜೆ ನಿಮ್ಮ ಟ್ಯೂಬ್‌ಲೈಟು ಮಿಣುಕುವುದನ್ನು ನೋಡಿದ್ದೀರಿ. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹತ್ತಾರು ಮನೆ, ಅವುಗಳ ನಡುವೆ ಅಡಿಕೆ ತೋಟದ ಪಂಪುಗಳು. ಎಲ್ಲರೂ ಒಟ್ಟಿಗೆ ಎಳೆದರೆ ವೋಲ್ಟೇಜು ಇಳಿಯುತ್ತದೆ. ವೋಲ್ಟೇಜು ಇಳಿದಾಗ ಪಂಪಿನ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಕರೆಂಟನ್ನು ಎಳೆದು, ಬಿಸಿಯಾಗಿ, ಕೊನೆಗೆ ಸುಡುತ್ತದೆ. ಸಾಲಿನಲ್ಲಿರುವ ಎಲ್ಲ ಮನೆಗಳೂ ಸಂಜೆಯ ಹೊತ್ತು ನೂರು, ಇನ್ನೂರು ವ್ಯಾಟಿನಂತೆ ಕಡಿಮೆ ಎಳೆದರೆ ಸಾಲಿನ ಕೊನೆಯ ಮನೆಯವರ ಪಂಪು ಉಳಿದೀತು. ಆ ಕೊನೆಯ ಮನೆ ನಿಮ್ಮದೂ ಆಗಿರಬಹುದು.

ಎಲ್ಲರೂ ಒಟ್ಟಿಗೆ ಕೊಂಡಾಗ ಏನಾಗುತ್ತದೆ ಎಂಬುದಕ್ಕೆ ದೀಪದ ಕಥೆಯೇ ಸಾಕ್ಷಿ. ಹಿಂದಿನ 60 ವ್ಯಾಟಿನ ಸಾದಾ ಬಲ್ಬಿನಲ್ಲಿ ಬೆಳಕು ಅಲ್ಪ, ಉಳಿದದ್ದೆಲ್ಲ ಶಾಖ. 9 ವ್ಯಾಟಿನ ಎಲ್‌ಇಡಿ ಬಲ್ಬು ಅದಕ್ಕೆ ಕಡಿಮೆಯಿಲ್ಲದ ಬೆಳಕು ಕೊಡುತ್ತದೆ. ಆದರೆ ಮೊದಮೊದಲು ಅದರ ಕ್ರಯ ಬಡವರ ಕೈಗೆ ಎಟಕುತ್ತಿರಲಿಲ್ಲ. ಕೇಂದ್ರ ಸರಕಾರದ ಸಂಸ್ಥೆಯೊಂದು ದೇಶಕ್ಕೆಲ್ಲ ಸೇರಿಸಿ ಸಗಟಾಗಿ ಕೊಳ್ಳತೊಡಗಿತು. 2014ರಲ್ಲಿ ಬಲ್ಬಿಗೆ 310 ರೂಪಾಯಿ ಇದ್ದ ಸಗಟು ಬೆಲೆ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. 2015ರ ಜನವರಿಯಲ್ಲಿ ಉಜಾಲಾ ಎಂಬ ಯೋಜನೆ ಬಂದಿತು. ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಆ ಬಲ್ಬುಗಳನ್ನು ಹಂಚಿದರು. ನಮ್ಮ ಮನೆಗಳಲ್ಲಿ ಈಗ ಸಾದಾ ಬಲ್ಬು ಅಪರೂಪ, ದೇವರ ಕೋಣೆಯಲ್ಲೋ ಹಟ್ಟಿಯಲ್ಲೋ ಒಂದು ಉಳಿದಿದ್ದರೆ ಉಂಟು. ಹಟ್ಟಿಯದ್ದನ್ನು ಮೊದಲು ಬದಲಿಸಿ, ಅದು ರಾತ್ರಿಯಿಡೀ ಉರಿಯುತ್ತದೆ. ತಾಮ್ರದ ಚೋಕಿನ ಹಳೆಯ ಟ್ಯೂಬ್‌ಲೈಟನ್ನೂ ಇದೇ ಸಾಲಿಗೆ ಸೇರಿಸಬಹುದು. ಕೊಳವೆಗೆ 40 ವ್ಯಾಟಾದರೆ ಚೋಕು ತನ್ನ ಪಾಲಿಗೆ ಇನ್ನೂ ಹತ್ತು ಹನ್ನೆರಡು ತಿನ್ನುತ್ತದೆ.

ಇದನ್ನು ನಮಗಿಂತ ಮೊದಲು ಕಲಿತವರು ಕಾಡಂಚಿನ ಮನೆಗಳವರು. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ತಂತಿ ಬಾರದ ಹಳ್ಳಿಗಳಿಗೆ ಸೌರದೀಪ ಕೊಡಲು ಹೊರಟರು. ನಮ್ಮ ಜಿಲ್ಲೆಯಲ್ಲಿಯೂ ಅಂಥ ದೀಪಗಳು ಬಂದವು. ಸಣ್ಣ ಸೌರಫಲಕದಿಂದ 60 ವ್ಯಾಟಿನ ಬಲ್ಬು ಉರಿಸಲು ಸಾಧ್ಯವಿಲ್ಲ. ಆದುದರಿಂದ ಅಲ್ಲಿ ಮೊದಲ ದಿನದಿಂದಲೇ ವ್ಯಾಟು ಎಣಿಸಬೇಕಾಯಿತು. ತಂತಿಯಿದ್ದ ನಾವು ಎಣಿಸಲಿಲ್ಲ.

ಇನ್ನು ಫ್ರಿಜ್ಜು. ಇದು ದಿನದ 24 ಗಂಟೆಯೂ ಕೆಲಸದಲ್ಲಿರುವ ಒಂದೇ ಸಾಮಾನು. ಅದರ ಬಾಗಿಲಿನ ಮೇಲೆ ನಕ್ಷತ್ರಗಳ ಚೀಟಿ ಅಂಟಿಸಿರುವುದನ್ನು ಕಂಡಿದ್ದೀರಿ. 2006ರಲ್ಲಿ ಕೇಂದ್ರದ ಇಂಧನ ದಕ್ಷತೆಯ ಬ್ಯೂರೋ ಈ ಪದ್ಧತಿಯನ್ನು ತಂದಿತು. 2023ರಿಂದ ಸೀಲಿಂಗ್ ಫ್ಯಾನಿಗೂ ಇದು ಕಡ್ಡಾಯವಾಗಿದೆ. ಐದು ನಕ್ಷತ್ರವೆಂದರೆ ಉತ್ತಮ ಎಂಬಷ್ಟು ಎಲ್ಲರಿಗೂ ಗೊತ್ತು. ಆದರೆ ಚೀಟಿಯಲ್ಲಿ ನಕ್ಷತ್ರಕ್ಕಿಂತ ಮುಖ್ಯವಾದ ಎರಡು ಬರಹಗಳಿವೆ. ಒಂದು, ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕೆ. ನಕ್ಷತ್ರವನ್ನು ಕೊಡುವುದು ಅದೇ ಗಾತ್ರದ ಇತರ ಫ್ರಿಜ್ಜುಗಳೊಡನೆ ಹೋಲಿಸಿ. ದೊಡ್ಡ ಎರಡು ಬಾಗಿಲಿನ ಐದು ನಕ್ಷತ್ರದ ಫ್ರಿಜ್ಜು, ಸಣ್ಣ ಒಂದು ಬಾಗಿಲಿನ ಎರಡು ನಕ್ಷತ್ರದ್ದಕ್ಕಿಂತ ಹೆಚ್ಚು ತಿನ್ನಬಹುದು. ನಾಲ್ಕು ಜನರ ಮನೆಗೆ ಒಂದು ಬಾಗಿಲಿನದು ಸಾಕು, ಅದರ ಅಂಕೆ ಸಾಮಾನ್ಯವಾಗಿ 100ರಿಂದ 200ರೊಳಗೆ ಇರುತ್ತದೆ. ಎರಡನೆಯದು, ಚೀಟಿ ಯಾವ ವರ್ಷದ್ದು ಎಂಬುದು. ಮಟ್ಟವನ್ನು ಆಗಾಗ ಬಿಗಿಗೊಳಿಸುತ್ತಾರೆ. ಹಳೆಯ ಚೀಟಿಯ ಐದು ನಕ್ಷತ್ರ ಹೊಸ ಲೆಕ್ಕದಲ್ಲಿ ಮೂರೋ ನಾಲ್ಕೋ ಆಗಿರಬಹುದು. ಅಂಗಡಿಯಲ್ಲಿ ಉಳಿದುಹೋದ ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಡುವಾಗ ಇದನ್ನು ನೋಡಿಕೊಳ್ಳಿ.

ನೆಂಟರ ಮನೆಯಿಂದ ಪುಕ್ಕಟೆಯಾಗಿ ಬಂದ ಇಪ್ಪತ್ತು ವರ್ಷದ ಫ್ರಿಜ್ಜು ಪುಕ್ಕಟೆಯದಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಮಿಕ್ಸಿ, ಗ್ರೈಂಡರು, ಇಸ್ತ್ರಿಪೆಟ್ಟಿಗೆ ಇವುಗಳಿಗೆ ವಿದ್ಯುತ್ ಉಳಿತಾಯದ ಹೆಸರಿನಲ್ಲಿ ಯಾರಾದರೂ ಹೆಚ್ಚು ಹಣ ಕೇಳಿದರೆ ಕೊಡಬೇಕಾಗಿಲ್ಲ. ಗಂಟೆಗಳು ಕಡಿಮೆ, ಉಳಿತಾಯವೂ ಕಡಿಮೆ. ಗಟ್ಟಿಯಾಗಿದೆಯೇ, ಬಿಡಿಭಾಗ ಸಿಗುತ್ತದೆಯೇ ಎಂದಷ್ಟೇ ನೋಡಿ. ಸ್ನಾನದ ನೀರಿಗೆ ಗೀಸರು ಹಾಕಿಸುವ ಉತ್ಸಾಹವೂ ಈಗ ಹೆಚ್ಚಾಗಿದೆ. ಹಿತ್ತಿಲಲ್ಲಿ ಕಾಯಿಸಿಪ್ಪೆ, ಮಡಲು, ಅಡಿಕೆ ಹಾಳೆ ಮಳೆಗೆ ಕೊಳೆಯುತ್ತಿರುವಾಗ, ಬಚ್ಚಲಿನ ಹಂಡೆಯನ್ನು ಗುಜರಿಗೆ ಹಾಕಿ, ಕರೆಂಟಿನಲ್ಲಿ ನೀರು ಕಾಯಿಸುವುದು ನನಗೇನೋ ಬುದ್ಧಿವಂತಿಕೆಯಾಗಿ ಕಾಣುವುದಿಲ್ಲ. ಒಲೆಗೆ ಬೂದಿಯ ಬಾಯಿ, ಹೊಗೆಗೆ ಕೊಳವೆ ಸರಿಯಾಗಿರಲಿ ಎಂಬುದೊಂದೇ ಷರತ್ತು.

ಕರೆಂಟೇ ಬೇಡದ ಒಂದು ಸಾಮಾನಿನ ವಿಷಯ ಹೇಳದಿದ್ದರೆ ನಮ್ಮ ತಾಯಂದಿರು ಒಪ್ಪಲಾರರು. ನಾವು ಕುಚ್ಚಲಕ್ಕಿ ಉಣ್ಣುವವರು. ಅದು ಬೇಯಲು ಮುಕ್ಕಾಲು ಗಂಟೆಗೂ ಮೇಲೆ ಬೇಕು. ಗ್ಯಾಸಿನ ಒಲೆಯ ಮೇಲೆ ಅಷ್ಟು ಹೊತ್ತು ಕುದಿಸಿದರೆ ಸಿಲಿಂಡರು ಎಷ್ಟು ದಿನ ಬರುತ್ತದೆ? ಇಲ್ಲಿಯ ಗುಟ್ಟು ಇಷ್ಟೇ: ನೀರು ಒಮ್ಮೆ ಕುದಿಯಲಾರಂಭಿಸಿದ ಮೇಲೆ ಎಷ್ಟು ಬೆಂಕಿ ಕೊಟ್ಟರೂ ಅದರ ಬಿಸಿ 100 ಡಿಗ್ರಿಗಿಂತ ಏರುವುದಿಲ್ಲ. ಹೆಚ್ಚಿನ ಬೆಂಕಿಯೆಲ್ಲ ನೀರನ್ನು ಹಬೆ ಮಾಡುವುದಕ್ಕೆ ಹೋಗುತ್ತದೆ. ಒಂದು ಲೀಟರು ನೀರನ್ನು ಕುದಿಯುವ ತನಕ ಕಾಯಿಸಲು ಬೇಕಾದ ಶಾಖದ ಏಳು ಪಟ್ಟಿಗೂ ಮಿಕ್ಕಿ ಅದನ್ನು ಪೂರ್ತಿ ಹಬೆ ಮಾಡಲು ಬೇಕು. ಅಕ್ಕಿಗೆ ಬೇಕಾದುದು ಹಬೆಯಲ್ಲ, ಬಿಸಿ ಆರದೆ ಉಳಿಯುವುದು. ಆದುದರಿಂದ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಹಾಗೆಯೇ ಥರ್ಮಲ್ ಕುಕ್ಕರ್ ಎಂದು ಮಾರುವ, ಎರಡು ಪದರದ ಡಬ್ಬಿಯೊಳಗೆ ಇಳಿಸಿ ಮುಚ್ಚಿಬಿಟ್ಟರೆ ಒಂದು ಗಂಟೆಯ ಮೇಲೆ ಅನ್ನ ತಾನಾಗಿ ಬೆಂದಿರುತ್ತದೆ. ಅಕ್ಕಿಯ ಜಾತಿ ನೋಡಿ ಕುದಿಸುವ ಹೊತ್ತನ್ನು ಒಂದೆರಡು ದಿನದಲ್ಲಿ ಹದಕ್ಕೆ ತಂದುಕೊಳ್ಳಬೇಕು. ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಇದು ಬಳಕೆಯಲ್ಲಿದೆ. ಇದೇನೂ ಹೊಸ ವಿದ್ಯೆಯಲ್ಲ. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ನಾರ್ವೆ ದೇಶದವರು ಇಂಥ ಪೆಟ್ಟಿಗೆಯನ್ನು ತೋರಿಸಿದ್ದರು. ಒಣಹುಲ್ಲು ತುಂಬಿದ ಇಂಥ ಪೆಟ್ಟಿಗೆಗಳನ್ನು ಮಹಾಯುದ್ಧದ ಕಾಲದ ಇಂಗ್ಲೆಂಡಿನ ಗೃಹಿಣಿಯರೂ ಇಂಧನ ಉಳಿಸಲು ಇಟ್ಟುಕೊಂಡಿದ್ದರು. ಡಬ್ಬಿ ಕೊಳ್ಳಲು ಹಣವಿಲ್ಲದಿದ್ದರೆ ಬೈಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ನೀವೂ ಪರೀಕ್ಷೆ ಮಾಡಬಹುದು.

ಈ ತಿಂಗಳ ಅಭ್ಯಾಸ

ಮೇಲೆ ಹೇಳಿದ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ನಿಮ್ಮ ಮೀಟರಿನಲ್ಲಿಯೇ ನೋಡಿ. ಮೀಟರಿನ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಹತ್ತಿರ 'ಇಂಪ್' ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳೊಡನೆ 1600 ಅಥವಾ 3200 ಅಥವಾ ಇಂಥದೇ ಒಂದು ಅಂಕೆ ಬರೆದಿರುತ್ತದೆ. ಆ ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂದರ್ಥ. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದು, ಒಂದು ಫ್ಯಾನನ್ನು ಮಾತ್ರ ಪೂರ್ಣ ವೇಗದಲ್ಲಿ ಬಿಡಿ. ಗಡಿಯಾರ ನೋಡಿಕೊಂಡು 6 ನಿಮಿಷ ಎಣಿಸಿ. 3200ರ ಮೀಟರಿನಲ್ಲಿ 75 ವ್ಯಾಟಿನ ಫ್ಯಾನಾದರೆ 24 ಸಲ, 30 ವ್ಯಾಟಿನದಾದರೆ 9 ಅಥವಾ 10 ಸಲ ಮಿನುಗೀತು. 1600ರ ಮೀಟರಾದರೆ ಇದರ ಅರ್ಧ. ಎಣಿಸುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಕೊಡಿ, ಅವರು ದೊಡ್ಡವರಂತೆ ನಡುವೆ ಮಾತಿಗೆ ಎದ್ದುಹೋಗುವುದಿಲ್ಲ. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಮರೆತುಬಿಟ್ಟ ಚಾರ್ಜರೋ ಟಿವಿಯೋ ಉಂಟೆಂದು ತಿಳಿದು ಹುಡುಕಿ.

ಬಾವಿಯ ಪಂಪಿಗೆ ಬೇರೆ ಪರೀಕ್ಷೆ. ಟ್ಯಾಂಕಿ ಖಾಲಿಯಿದ್ದಾಗ ಪಂಪು ಬಿಟ್ಟು ತುಂಬಲು ಎಷ್ಟು ನಿಮಿಷ ಬೇಕಾಯಿತೆಂದು ಬರೆದಿಡಿ, ಮುಂದಿನ ತಿಂಗಳು ಮತ್ತೆ ನೋಡಿ. ಬಾವಿಯ ನೀರು ಇಳಿಯದೆಯೇ ಹೊತ್ತು ಹೆಚ್ಚಾಗಿದ್ದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿರಬಹುದು ಅಥವಾ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬಹುದು. ಹೊಸ ಪಂಪಿನ ಮಾತು ಆಮೇಲೆ.

ಫ್ರಿಜ್ಜಿಗೆ ಆರು ನಿಮಿಷದ ಎಣಿಕೆ ಸಾಲದು, ಅದು ನಡುನಡುವೆ ನಿಂತು ನಡೆಯುವ ಯಂತ್ರ. ಮನೆಯವರೆಲ್ಲ ಮದುವೆಗೋ ಜಾತ್ರೆಗೋ ಹೋಗುವ ದಿನ ಉಳಿದೆಲ್ಲವನ್ನೂ ಆರಿಸಿ, ಹೊರಡುವಾಗ ಮೀಟರಿನ ಅಂಕೆಯನ್ನು ಬರೆದು, ಬಂದ ಕೂಡಲೆ ಮತ್ತೆ ಬರೆಯಿರಿ. ವ್ಯತ್ಯಾಸವನ್ನು ನೀವು ಹೊರಗಿದ್ದ ಗಂಟೆಗಳಿಂದ ಭಾಗಿಸಿ 24ರಿಂದ ಗುಣಿಸಿದರೆ ಒಂದು ದಿನದ ಖರ್ಚು ತಿಳಿಯುತ್ತದೆ. ಅದು ಒಂದು ಯೂನಿಟಿಗಿಂತ ಹೆಚ್ಚಾಗಿದ್ದರೆ, ಫ್ರಿಜ್ಜಿನ ಬಾಗಿಲಿಗೆ ಒಂದು ಹತ್ತು ರೂಪಾಯಿಯ ನೋಟನ್ನು ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ನೋಟು ಸಲೀಸಾಗಿ ಬಂದುಬಿಟ್ಟರೆ ಬಾಗಿಲಿನ ರಬ್ಬರು ಸಡಿಲವಾಗಿದೆ. ಫ್ರಿಜ್ಜು ಬದಲಿಸುವ ಮೊದಲು ಆ ರಬ್ಬರನ್ನು ಬದಲಿಸಿ, ಇನ್ನೊಮ್ಮೆ ಇದೇ ಲೆಕ್ಕ ಹಾಕಿ.